ಭಟ್ಟಿ ನಿರ್ದೇಶಕರ ಹಿತ್ತಾಳೆ ಫಲಕ

ನಾರ್ಮನ್ ಕ್ಲೂಲೋ ನಿರ್ದೇಶಕನೆಂದು ಲೋಕಕ್ಕೆ ಗೊತ್ತಾದದ್ದು ಒಂದು ತಟ್ಟೆ ಗ್ರೇವಿಯಿಂದ.

ಅವನ ಹೆಂಡತಿ ಮೋರೀನಳ ಅಕ್ಕ ಬೆರಿಲ್ ಸೌತ್‌ಪೋರ್ಟಿನಲ್ಲಿ ಸಮುದ್ರಕ್ಕೆ ಎದುರಾದ ಮನೆಯಲ್ಲಿದ್ದಳು. ಅವಳ ಮಗಳ ಮದುವೆ. ಲಾಂಗ್ಟನ್ನಿನವರಾದ ನಮಗೆ ಒಂದು ಅಭ್ಯಾಸವಿದೆ. ಎಲ್ಲಿ ಊಟಕ್ಕೆ ಕೂತರೂ ತಟ್ಟೆಯನ್ನು ತಿರುವಿ ಅದರ ಬೆನ್ನು ನೋಡುತ್ತೇವೆ. ಊರಿಗೆ ಊರೇ ತಲೆಮಾರುಗಳಿಂದ ಪಿಂಗಾಣಿ ಸುಟ್ಟು ಬದುಕಿದೆ. ಯಾವ ಕಾರ್ಖಾನೆಯ ಮುದ್ರೆ ಎಂದು ನೋಡದೆ ನಮಗೆ ತುತ್ತು ಇಳಿಯುವುದಿಲ್ಲ. ಮದುವೆಮನೆ, ಸಾವಿನ ಮನೆ, ಆಸ್ಪತ್ರೆ ಎಂಬ ಭೇದವಿಲ್ಲ. ಬುದ್ಧಿ ಇದ್ದವರು ಬಡಿಸುವ ಮೊದಲು ನೋಡುತ್ತಾರೆ. ನಾರ್ಮನ್ ಬಡಿಸಿದ ಮೇಲೆ ನೋಡಿದ. ಎರಡು ತುಂಡು ದನದ ಮಾಂಸ, ಬಟಾಣಿ, ಬಿಸಿ ಗ್ರೇವಿ, ಎಲ್ಲವೂ ಪಕ್ಕದಲ್ಲಿ ಕೂತಿದ್ದ ಬೆರಿಲ್‌ಳ ಗಂಡ ಜೆಫ್ರಿಯ ತೊಡೆಗೆ ವರ್ಗಾವಣೆಯಾದವು. ಜೆಫ್ರಿ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾದವನು. ವರ್ಗಾವಣೆಗಳನ್ನು ಹಗುರವಾಗಿ ತೆಗೆದುಕೊಳ್ಳುವವನಲ್ಲ.

"ಏನಯ್ಯಾ ಇದು, ಏನ್ ಮಾಡ್ತಿದೀಯ?" ಎಂದ.

"ತಪ್ಪಾಯ್ತು" ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಡೀ ಮೇಜು ನೋಡುತ್ತಿತ್ತು, ಮೋರೀನಳ ಮುಖ ಬೀಟ್ರೂಟಿನಂತಾಗಿತ್ತು. ನಾರ್ಮನ್ ಕರವಸ್ತ್ರದಿಂದ ತಟ್ಟೆಯ ಬೆನ್ನನ್ನು ನಿಧಾನವಾಗಿ ಒರೆಸಿ ಹೇಳಿದ: "ನಿರ್ದೇಶಕ ಆದ್ಮೇಲೆ ಇದೆಲ್ಲ ನೋಡ್ಲೇಬೇಕಾಗುತ್ತೆ, ಜೆಫ್ರಿ. ಪೈಪೋಟಿ ಕಂಪನಿಯವರ ಮಾಲು ಇದು."

ಮೂವತ್ತು ವರ್ಷದ ಸಂಬಂಧದಲ್ಲಿ ಮೊದಲ ಬಾರಿಗೆ ಬೆರಿಲ್ ತನ್ನ ಕೈಯಾರೆ ನಾರ್ಮನ್ನನಿಗೆ ಬ್ರೆಡ್ಡು ದಾಟಿಸಿದಳು.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ಒಲ್ಲರ್ಟನ್ ಪಿಂಗಾಣಿ ಕಾರ್ಖಾನೆಯ ಮಾಲೀಕರು, ಅಂದರೆ ದೊಡ್ಡೋರು, ಹಿಂದಿನ ಕ್ರಿಸ್‌ಮಸ್ಸಿಗೆ ಸಂಬಳ ಏರಿಸಲಾಗದೆ ಎಲ್ಲರಿಗೂ ಪದವಿ ಹಂಚಿದ್ದರು. ಪಿಂಗಾಣಿ ಸುಡುವ ಭಟ್ಟಿಯನ್ನು ತುಂಬುವ, ಕಾಯುವ, ಬಿಚ್ಚುವ ನಾರ್ಮನ್ 'ಭಟ್ಟಿ ನಿರ್ದೇಶಕ'ನಾದ. ನೆಲ ಒರೆಸುವ ಎಡ್ನಾ 'ನೆಲ ವ್ಯವಹಾರಗಳ ಮುಖ್ಯಸ್ಥೆ'. ಪೆಟ್ಟಿಗೆಗೆ ಹುಲ್ಲು ತುಂಬಿ ಕಪ್ಪುಗಳನ್ನು ಜೋಡಿಸುವ ನಾನು 'ರವಾನೆ ಸಲಹೆಗಾರ'. ನಾವೆಲ್ಲ ನಕ್ಕು ಕೆಲಸಕ್ಕೆ ಹೋದೆವು. ನಾರ್ಮನ್ನೂ ನಕ್ಕಿದ್ದ. ಆದರೆ ಸೌತ್‌ಪೋರ್ಟಿನಿಂದ ಹಿಂದಿರುಗಿದ ವಾರವೇ ಮೋರೀನ್ ಒಂದು ಹಿತ್ತಾಳೆ ಫಲಕ ಮಾಡಿಸಿ ಗೇಟಿಗೆ ಹಾಕಿಸಿದಳು: 'ನಾರ್ಮನ್ ಕ್ಲೂಲೋ, ನಿರ್ದೇಶಕ.' 'ಭಟ್ಟಿ' ಎಂಬ ಪದಕ್ಕೆ ಜಾಗ ಸಾಲಲಿಲ್ಲವಂತೆ.

ಆಮೇಲೆ ಬೀದಿ ಬದಲಾಯಿತು. ಕ್ಲಬ್ಬಿನಲ್ಲಿ ಅವನಿಗೆ ಕೈಯಿರುವ ಕುರ್ಚಿ ಕೊಟ್ಟರು. ಚರ್ಚಿನವರು ಕುಂಬಳಕಾಯಿ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದರು. ಚರಂಡಿ ಕಟ್ಟಿಕೊಂಡರೆ ಜನ ನಗರಸಭೆಗೆ ಹೋಗದೆ ನಾರ್ಮನ್ನನ ಬಾಗಿಲು ತಟ್ಟಿದರು. ಅವನು ಒಂದು ಉದ್ದ ಕೋಲು ಹಿಡಿದು ಬಂದು ತಾನೇ ತೆಗೆದುಕೊಟ್ಟ. ನಿರ್ದೇಶಕನೊಬ್ಬ ಖುದ್ದಾಗಿ ಚರಂಡಿ ತೆಗೆಯುವ ಬೀದಿ ದೇಶದಲ್ಲಿ ಇನ್ನೊಂದಿಲ್ಲ ಎಂದು ನಾವು ಹೆಮ್ಮೆಪಟ್ಟೆವು. ಪ್ರತಿ ಭಾನುವಾರ ಅವನು ಆ ಫಲಕವನ್ನು ತಿಕ್ಕುತ್ತಿದ್ದ.

ದೊಡ್ಡೋರ ಇನ್ನೊಂದು ರಿವಾಜನ್ನೂ ಇಲ್ಲಿಯೇ ಹೇಳಬೇಕು. ಅವರು ಸಿಟ್ಟಿನ ಮನುಷ್ಯ. ವಾರವಿಡೀ ತಡೆದುಕೊಂಡು ಶುಕ್ರವಾರ ಮಧ್ಯಾಹ್ನ ಯಾರನ್ನಾದರೂ ಕೆಲಸದಿಂದ ತೆಗೆದುಹಾಕುತ್ತಿದ್ದರು. ತೆಗೆಸಿಕೊಂಡವನು ಕೋಟು ತೊಟ್ಟು ಮನೆಗೆ ಹೋಗುತ್ತಿದ್ದ. ಸೋಮವಾರ ಬೆಳಿಗ್ಗೆ ಏನೂ ಆಗದವನಂತೆ ಬರುತ್ತಿದ್ದ. ದೊಡ್ಡೋರು ತಾವೇ ಒಂದು ಕಪ್ ಚಹಾ ತಂದು ಅವನ ಮುಂದೆ ಇಟ್ಟು ಮಾತಿಲ್ಲದೆ ಹೋಗುತ್ತಿದ್ದರು. ಅವನು ಕುಡಿಯುತ್ತಿದ್ದ. ಅಲ್ಲಿಗೆ ಮುಗಿಯಿತು. ಸೋಮವಾರದ ಚಹಾ ಕುಡಿಯದ ಕೆಲಸಗಾರ ನಮ್ಮಲ್ಲಿ ಇರಲಿಲ್ಲ.

ಕೆಲವು ವರ್ಷಗಳ ನಂತರ ಕಾರ್ಖಾನೆ ಮುಚ್ಚಿದ್ದೂ ಒಂದು ಶುಕ್ರವಾರವೇ. ಸಾಲಗಾರರು ಕೋರ್ಟಿಗೆ ಹೋಗಿದ್ದರು, ಕೋರ್ಟು ಆಡಳಿತಾಧಿಕಾರಿಯನ್ನು ನೇಮಿಸಿತ್ತು. ಮಧ್ಯಾಹ್ನದ ಮೇಲೆ ದೊಡ್ಡೋರು ನಮ್ಮನ್ನೆಲ್ಲ ಸೇರಿಸಿ, "ಮುಗೀತು. ನನ್ನ ಕೈಯಲ್ಲಿ ಏನೂ ಇಲ್ಲ. ಮನೆಗೆ ಹೋಗಿ" ಎಂದರು. ನಾವು ಹೋದೆವು. ಭಟ್ಟಿ ಮಾತ್ರ ಉರಿಯುತ್ತಿತ್ತು, ಅದರೊಳಗೆ ಕಡೆಯ ಸುಡುವಿಕೆಯ ಕಪ್ಪುಗಳಿದ್ದವು. ಅರ್ಧಕ್ಕೆ ಆರಿಸಿದರೆ ಎಲ್ಲ ಬಿರುಕು. ನಾರ್ಮನ್ ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಭಾನುವಾರದವರೆಗೆ ಅಲ್ಲೇ ಕೂತ. ಉರಿ ಏರಿಸಿ, ಇಳಿಸಿ, ತಣಿಸಿ, ಬಾಗಿಲು ಬಿಚ್ಚಿ, ಕಪ್ಪುಗಳನ್ನು ಹಲಗೆಯ ಮೇಲೆ ಜೋಡಿಸಿ ಮನೆಗೆ ಬಂದು ಮಲಗಿದ. ಸಂಬಳ ಕೊಡುವವರು ಯಾರೂ ಇರಲಿಲ್ಲ. ಸೋಮವಾರ ಗೇಟಿಗೆ ಬೀಗ ಬಿದ್ದಿತ್ತು.

ನಮ್ಮ ದೇಶದಲ್ಲಿ ಒಂದು ಒಳ್ಳೆಯ ಕಾನೂನಿದೆ. ಮಾಲೀಕ ಪಾಪರಾಗಿ ಕೈಚೆಲ್ಲಿದರೆ, ಕೆಲಸ ಕಳಕೊಂಡವರಿಗೆ ಸಲ್ಲಬೇಕಾದ ಪರಿಹಾರವನ್ನು ಸರ್ಕಾರವೇ ತನ್ನ ನಿಧಿಯಿಂದ ಕೊಡುತ್ತದೆ. ಕೆಲಸಗಾರರಿಗೆ ಮಾತ್ರ. ಕಂಪನಿ ಮುಳುಗಿಸಿದ ನಿರ್ದೇಶಕರಿಗೆ ಯಾಕೆ ಕೊಡಬೇಕು? ಎಡ್ನಾಗೆ ಬಂತು. ನನಗೆ ಬಂತು. ನಾರ್ಮನ್ನನಿಗೆ ಫೋನು ಬಂತು.

ಅವನ ಮನೆಯ ಸಾಲ ಇನ್ನೂ ತೀರಿರಲಿಲ್ಲ. ಪರಿಹಾರ ಬಂದರೆ ಅದು ಚುಕ್ತಾ. ಬರದಿದ್ದರೆ ಮನೆ ಮಾರಬೇಕು. ಮಾರಿದರೆ ಎಲ್ಲಿಗೆ ಹೋಗಬೇಕೆಂಬುದನ್ನು ಬೆರಿಲ್ ಆಗಲೇ ತೀರ್ಮಾನಿಸಿದ್ದಳು: ತನ್ನ ಹಿಂಬದಿಯ ಕೋಣೆಗೆ, ಜೆಫ್ರಿ ಹೊಲಿಸಿಕೊಂಡ ಸೂಟುಗಳ ಪಕ್ಕಕ್ಕೆ. ಮೋರೀನ್ ಆ ಕೋಣೆಯನ್ನು ನೆನೆಸಿಕೊಂಡು ಫೋನಿನ ಸ್ಪೀಕರ್ ಒತ್ತಿ ಗಂಡನ ಪಕ್ಕದಲ್ಲಿ ಕೂತಳು.

"ನಿಮ್ಮ ಹುದ್ದೆ?" ಎಂದಿತು ಫೋನು.

"ನಿರ್ದೇಶಕ," ಎಂದ ನಾರ್ಮನ್. ವರ್ಷಗಳ ಅಭ್ಯಾಸ.

ಮೋರೀನ್ ಮೊಣಕೈಯಿಂದ ತಿವಿದಳು.

"ಅಂದ್ರೆ, ನಿರ್ದೇಶಕ ಅಂದ್ರೆ ನಿರ್ದೇಶಕ ಅಲ್ಲ. ಭಟ್ಟಿ ನಿರ್ದೇಶಕ."

"ನಿಮ್ಮ ಕೈಕೆಳಗೆ ಎಷ್ಟು ಜನ ಇದ್ರು?"

"ಕೈಕೆಳಗೆ ಯಾರೂ ಇಲ್ಲ. ಕಪ್ಪುಗಳಿದ್ವು."

"ನಿಮಗೆ ಯಾರು ಆದೇಶ ಕೊಡ್ತಿದ್ರು?"

ನಾರ್ಮನ್ ಪ್ರಾಮಾಣಿಕವಾಗಿ ಯೋಚಿಸಿದ. "ಭಟ್ಟಿ ವಿಷಯದಲ್ಲಿ ಯಾರೂ ಕೊಡಲ್ಲ. ಅವರಿಗೆ ಗೊತ್ತಿದ್ರೆ ತಾನೇ."

"ರಜ ಬೇಕಾದ್ರೆ ಯಾರನ್ನ ಕೇಳ್ತಿದ್ರಿ?"

"ನಾನು ರಜಾನೇ ತಗೊಂಡಿಲ್ಲ."

ಫೋನು ಇದನ್ನೂ ಬರೆದುಕೊಂಡಿತು. ಆಮೇಲೆ, ಸಾಮಾನ್ಯವಾಗಿ ಇಂಥದ್ದಕ್ಕೆ ತಾವು ಮನೆಮನೆಗೆ ಬರುವುದಿಲ್ಲ, ಆದರೆ ಗುರುವಾರ ವಿಚಾರಣೆಗೆ ಒಬ್ಬರನ್ನು ಕಳಿಸುತ್ತೇವೆ ಎಂದಿತು.

ನಾರ್ಮನ್ ಹಿತ್ತಲಿಗೆ ಹೋಗಿ ಗೋಡೆಯಾಚೆ ಬಟ್ಟೆ ಹರವುತ್ತಿದ್ದ ಎಡ್ನಾಗೆ ಹೇಳಿದ: "ಗುರುವಾರ ಸರ್ಕಾರದೋರು ಬರ್ತಾರೆ ಎಡ್ನಾ. ನಾನು ನಿರ್ದೇಶಕ ಹೌದೋ ಅಲ್ವೋ ಅಂತ ವಿಚಾರಿಸೋಕೆ."

ಅಷ್ಟೇ ಹೇಳಿದ. ತನಗೆ ಯಾವ ಉತ್ತರ ಬೇಕೆಂದು ಹೇಳಲಿಲ್ಲ. 'ಅಲ್ಲ ಅಂತ ಹೇಳು' ಎನ್ನಲು ನಾಲಿಗೆ ಏಳಲಿಲ್ಲ. ಎಡ್ನಾ ಬಟ್ಟೆಯ ಕ್ಲಿಪ್ಪು ಬಾಯಿಂದ ತೆಗೆದು, "ಏನೂ ಯೋಚ್ನೆ ಮಾಡ್ಬೇಡ. ನಾವಿಲ್ವಾ?" ಎಂದಳು.

ಸಂಜೆಯೊಳಗೆ ಬೀದಿಯಲ್ಲಿ ಸುದ್ದಿ ಪಕ್ಕಾ ಆಯಿತು. ಸುಳ್ಳು ಪದವಿಯ ಫಲಕ ಹಾಕಿಕೊಂಡದ್ದಕ್ಕೆ ನಾರ್ಮನ್ನನ ಮೇಲೆ ಕೇಸು. ಸೌತ್‌ಪೋರ್ಟಿನ ಜೆಫ್ರಿಯೇ ಅರ್ಜಿ ಬರೆದಿದ್ದಾನೆ, ಗ್ರೇವಿಯ ಸೇಡು. ನಿರ್ದೇಶಕ ಅಲ್ಲವೆಂದು ತೀರ್ಮಾನವಾದರೆ ಜೈಲು. ಬೀದಿ ಒಗ್ಗಟ್ಟಾಯಿತು.

ಗುರುವಾರ ಬಂದವಳು ಶಬಾನಾ ಮಿರ್ಜಾ ಎಂಬ ಹುಡುಗಿ. ಕಪ್ಪು ಕೋಟು, ಗುಂಡುಸೂಜಿಯಂಥ ಕಣ್ಣು. ಅವಳು ಗೇಟಿನ ಫಲಕವನ್ನು ಒಮ್ಮೆ ಓದಿ, ಪಕ್ಕದ ಬಾಗಿಲು ತಟ್ಟಿದಳು. ನಾನು ಎಡ್ನಾಳ ಅಡುಗೆಮನೆಯಲ್ಲೇ ಓಟ್‌ಕೇಕ್ ಎಂಬ ನಮ್ಮೂರ ರೊಟ್ಟಿ ತಿನ್ನುತ್ತಾ ಕೂತಿದ್ದೆ.

"ಒಳಗ್ ಬಾ ಬಾತು, ಚಳೀಲಿ ನಿಂತ್ಕೋಬೇಡ," ಎಂದಳು ಎಡ್ನಾ. ನಮ್ಮೂರಲ್ಲಿ ಪ್ರೀತಿಯಿಂದ ಕರೆಯುವಾಗ ಎಳೆಯರು, ಹಿರಿಯರು, ಪೊಲೀಸರು, ಎಲ್ಲರೂ ಬಾತುಕೋಳಿಗಳೇ. ಹುಡುಗಿ ಬೇಸರಿಸಲಿಲ್ಲ, ಕೂತಳು.

"ಕ್ಲೂಲೋ ಅವರು ಕಾರ್ಖಾನೇಲಿ ಏನ್ ಕೆಲಸ ಮಾಡ್ತಿದ್ರು?"

"ಕೆಲಸ? ಅವನು ಕೆಲಸ ಮಾಡೋದನ್ನ ನಾನಂತೂ ಕಣ್ಣಾರೆ ಕಂಡಿಲ್ಲ. ನಿರ್ದೇಶಕರಲ್ವಾ."

"ಕೆಲಸಕ್ಕೆ ಹೇಗೆ ಬರ್ತಿದ್ರು?"

"ದೊಡ್ಡ ಗಾಡೀಲಿ. ಡ್ರೈವರ್ ಇದ್ದ." ಹದಿನಾರನೇ ನಂಬರಿನ ಬಸ್ಸಿಗೆ ಡ್ರೈವರ್ ಇದ್ದದ್ದು ನಿಜ.

"ಮಾಲೀಕರು ಏನಾದ್ರೂ ಹೇಳಿದ್ರೆ ಕೇಳ್ತಿದ್ರಾ?"

"ನಾರ್ಮನ್ನಾ? ದೊಡ್ಡೋರೇ ಅವನ ಹತ್ರ ಬಂದು ಟೋಪಿ ತೆಗೀತಿದ್ರು." ಇದೂ ನಿಜ. ಭಟ್ಟಿಯ ಬಳಿ ಅಷ್ಟು ಸೆಕೆ.

ಶಬಾನಾ ಎದುರುಸಾಲಿನ ಮನೆಗಳಿಗೂ ಹೋದಳು. ಪ್ರತಿ ಮನೆಯಲ್ಲೂ ನಾರ್ಮನ್ನನಿಗೆ ಬಡ್ತಿ ಸಿಕ್ಕಿತು. ಬೀದಿಯ ಕೊನೆಗೆ ತಲುಪುವಷ್ಟರಲ್ಲಿ ಅವನು ಕಾರ್ಖಾನೆಯ ಅರ್ಧ ಪಾಲುದಾರನಾಗಿದ್ದ. ಓಟ್‌ಕೇಕ್ ಅಂಗಡಿಯವನು ಅವನಿಗೆ ಸ್ಕಾಟ್‌ಲೆಂಡಿನಲ್ಲಿ ಒಂದು ಬೇಟೆ ಬಂಗಲೆಯನ್ನೂ ಕೊಟ್ಟ.

ಅವಳು ತಿರುಗಿ ಬರುವಾಗ ಮೋರೀನ್ ಗೇಟಿನಲ್ಲಿ ನಿಂತಿದ್ದಳು. "ಜನ ಏನಂದ್ರು?"

"ನಿಮ್ಮೆಜಮಾನ್ರಿಗೆ ಪರಿಹಾರ ಬೇಕಾಗಿಲ್ಲ ಅನ್ನೋ ಹಾಗೆ ಮಾತಾಡಿದ್ರು," ಎಂದಳು ಶಬಾನಾ. "ಮೂರು ಗಂಟೆಗೆ ಕಾರ್ಖಾನೆ ಕ್ಯಾಂಟೀನಿಗೆ ಎಲ್ಲರೂ ಬನ್ನಿ. ಮಾಲೀಕರು ಒಲ್ಲರ್ಟನ್ ಅವರನ್ನೂ ಕರೆಸಿದೀನಿ."

ಕ್ಯಾಂಟೀನಿನಲ್ಲಿ ಚಹಾದ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಆಡಳಿತಾಧಿಕಾರಿ ಕಾರ್ಖಾನೆಯ ಮಾಲನ್ನೆಲ್ಲ ಮಾರಿದ್ದ. ಕಡೆಯ ಭಟ್ಟಿಯ ಕಪ್ಪುಗಳಲ್ಲಿ ಒಂದಿಷ್ಟನ್ನು ಮಾತ್ರ, ಅವನಲ್ಲಿ ಎಲ್ಲೋ ಇದ್ದ ಮನುಷ್ಯತ್ವ ಎದ್ದು, ಕೆಲಸಗಾರರಿಗೆ ಬಿಟ್ಟಿದ್ದ. ಅವುಗಳಲ್ಲೇ ಚಹಾ ಕುಡಿದೆವು. ಒಂದು ಕಪ್ಪಿನಲ್ಲೂ ಕೂದಲೆಳೆಯಷ್ಟು ಬಿರುಕಿರಲಿಲ್ಲ. ಮೂಲೆಯಲ್ಲಿ ದೊಡ್ಡೋರು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಕೂತಿದ್ದರು. ಎಂಬತ್ತು ದಾಟಿದ ಮನುಷ್ಯ. ಆ ಶುಕ್ರವಾರದ ನಂತರ ಅವರು ಬೀದಿಗೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಕ್ಲೂಲೋ ಅವರೇ," ಎಂದಳು ಶಬಾನಾ, "ನಿಮ್ಮ ಬೀದಿಯವರ ಪ್ರಕಾರ ನೀವು ನಿರ್ದೇಶಕರು. ನೀವೇನಂತೀರಿ?"

ನಾರ್ಮನ್ ಎದ್ದು ನಿಂತ. ಕೈಯಿರುವ ಕುರ್ಚಿ, ಕುಂಬಳಕಾಯಿ ಸ್ಪರ್ಧೆ, ಬೆರಿಲ್ ದಾಟಿಸಿದ ಬ್ರೆಡ್ಡು, ಎಲ್ಲವೂ ಅವನ ಕಣ್ಣ ಮುಂದೆ ಸಾಲಾಗಿ ನಿಂತಂತೆ ಕಂಡಿತು.

"ಅಲ್ಲಮ್ಮ. ಎಂದೂ ಆಗಿರಲಿಲ್ಲ. ನಾನು ಭಟ್ಟಿ ತುಂಬೋನು."

"ಹೆದರ್ಕೋಬೇಡ ನಾರ್ಮನ್," ಎಂದಳು ಎಡ್ನಾ ಹಿಂದಿನಿಂದ. "ಅವನು ನಿರ್ದೇಶಕನೇ ಕಣಮ್ಮ. ಪಾಪ, ಜೈಲು ಅಂದ್ರೆ ಭಯ."

"ನಿರ್ದೇಶಕನೇ," ಎಂದು ಹತ್ತು ಕಂಠಗಳು ಗುನುಗಿದವು.

"ಬಾಯ್ಮುಚ್ಕೊಳ್ರೋ," ಎಂದಳು ಮೋರೀನ್. "ಇವನು ನಿರ್ದೇಶಕ ಆದ್ರೆ ನಂಗೆ ಮನೆ ಹೋಗುತ್ತೆ."

ಎಡ್ನಾ ಬಾಯಿ ತೆರೆದು, ಮುಚ್ಚಿ, "ಹಾಗಾದ್ರೆ ನಾನು ಡ್ರೈವರ್ ಅಂದೆನಲ್ಲ, ಅದು ಬಸ್ಸಿಂದು" ಎಂದಳು.

ಶಬಾನಾ ಅದನ್ನು ಬರೆದುಕೊಂಡಳು. "ಸರಿ. ಒಂದೇ ಪ್ರಶ್ನೆ ಉಳೀತು. ಕಾರ್ಖಾನೆ ಮುಚ್ಚಿದ ಮೇಲೂ ಭಟ್ಟಿ ಎರಡು ದಿನ ಉರೀತು. ಗ್ಯಾಸಿನ ಬಿಲ್ಲು ನನ್ನ ಹತ್ರ ಇದೆ. ಯಾರು ಹೇಳಿದ್ದು ಉರಿಸೋಕೆ?"

ಮೋರೀನ್ ಕೆಳದನಿಯಲ್ಲಿ, "ದೊಡ್ಡೋರು ಹೇಳಿದ್ರು ಅನ್ನು" ಎಂದಳು. ಕೆಳದನಿಯಾದರೂ ಎಲ್ಲರಿಗೂ ಕೇಳಿಸಿತು. ಸುಲಭದ ಉತ್ತರ. ಆದೇಶ ಪಾಲಿಸಿದವನು ಕೆಲಸಗಾರ. ಮುದುಕರೂ ಬೇಡವೆನ್ನುತ್ತಿರಲಿಲ್ಲವೇನೋ.

"ಯಾರೂ ಹೇಳ್ಲಿಲ್ಲ," ಎಂದ ನಾರ್ಮನ್.

"ಅಂದ್ರೆ ನೀವೇ ತೀರ್ಮಾನ ಮಾಡಿದ್ರಿ."

"ಭಟ್ಟಿ ತೀರ್ಮಾನ ಮಾಡ್ತು. ನಾನು ಜೊತೇಲಿ ಕೂತಿದ್ದೆ, ಅಷ್ಟೆ."

"ಕ್ಲೂಲೋ ಅವರೇ, ಮಾಲೀಕರನ್ನ ಕೇಳದೆ ಕಂಪನಿ ಗ್ಯಾಸು ಎರಡು ದಿನ ಉರಿಸೋರಿಗೆ ನಾವು ಏನಂತೀವಿ ಗೊತ್ತಾ?"

"ದಡ್ಡ ಅಂತ," ಎಂದಳು ಮೋರೀನ್.

"ನಿರ್ದೇಶಕ ಅಂತ."

ನಾರ್ಮನ್ ತನ್ನ ಕೈಗಳನ್ನು ನೋಡಿಕೊಂಡ. "ದೊಡ್ಡೋರು ಆರಿಸು ಅಂದ್ರು. ಆರಿಸಿದ್ರೆ ಒಳಗಿದ್ದಿದ್ದೆಲ್ಲ ಸೀಳಿ ಹೋಗ್ತಿತ್ತು. ಜೇಡಿ ಕಲಸಿದೋರು, ಅಚ್ಚು ಹಾಕಿದೋರು, ಹೂ ಬರೆದೋರು, ಎಲ್ಲರ ಕೆಲಸಾನೂ ಅದ್ರೊಳಗಿತ್ತು. ಕಂಪನಿ ಹೋಯ್ತು ಅಂತ ಕಪ್ಪುಗಳಿಗೆ ಗೊತ್ತಿರ್ಲಿಲ್ವಲ್ಲ."

ಅವನು ಮಾಡಿದ್ದರಲ್ಲೆಲ್ಲ ಅತ್ಯುತ್ತಮವಾದ ಕೆಲಸವೇ ಅವನ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು. ಅವನಿಗೆ ಅದು ಗೊತ್ತಿತ್ತು. ಆದರೂ ಆ ಒಂದು ಸುಳ್ಳನ್ನು ಅವನು ಹೇಳಲಿಲ್ಲ. ಗ್ರೇವಿ ಚೆಲ್ಲಿದಾಗ ಬಂದ ಸುಳ್ಳು ಈಗ ಬರಲಿಲ್ಲ. ಸೌತ್‌ಪೋರ್ಟಿನ ಹಿಂಬದಿ ಕೋಣೆಯ ವಾಸನೆ ಮೋರೀನಳ ಮೂಗಿಗೆ ಬಡಿದಿರಬೇಕು, ಅವಳು ಕಣ್ಣು ಮುಚ್ಚಿಕೊಂಡಳು.

ಮೂಲೆಯಲ್ಲಿ ಕುರ್ಚಿ ಕಿರುಗುಟ್ಟಿತು. ದೊಡ್ಡೋರು ಎದ್ದಿದ್ದರು.

"ಅವನು ಹೇಳೋದು ನಿಜ. ಆರಿಸು ಅಂದೆ. ಆರಿಸಲಿಲ್ಲ. ಅಲ್ಲೇ ಅವನನ್ನ ಕೆಲಸದಿಂದ ಕಿತ್ತುಹಾಕಿದೆ."

ಶಬಾನಾಳ ಪೆನ್ನು ನಿಂತಿತು. "ಕಿತ್ತುಹಾಕಿದ್ರಾ? ಒಬ್ಬರೇ? ಸಭೆ, ಮತ ಏನೂ ಇಲ್ದೆ?"

"ಅವನನ್ನ ಕಿತ್ತುಹಾಕೋಕೆ ಸಭೆ ಯಾಕಮ್ಮ ಬೇಕು?"

"ನಿರ್ದೇಶಕರನ್ನ ಹಾಗೆ ಕೀಳೋಕಾಗಲ್ಲ. ಹಾಗಾದ್ರೆ ಅವರು ಕೆಲಸಗಾರರೇ." ಮೋರೀನ್ ಕಣ್ಣು ಬಿಟ್ಟಳು. "ಆದ್ರೆ," ಎಂದಳು ಶಬಾನಾ, "ಮಾತು ಕೇಳದೆ ವಜಾ ಆದೋರಿಗೆ ಪರಿಹಾರ ಬರಲ್ಲ." ಮೋರೀನ್ ಮತ್ತೆ ಮುಚ್ಚಿದಳು.

"ಅದು ಲೆಕ್ಕಕ್ಕಿಲ್ಲ ಬಾತು," ಎಂದಳು ಎಡ್ನಾ. "ಶುಕ್ರವಾರದ ವಜಾ ಅದು. ನನ್ನನ್ನೂ ನಾಲ್ಕು ಸಲ ಕಿತ್ತಿದಾರೆ."

"ನನ್ನನ್ನ ಆರು ಸಲ," ಎಂದ ಅಚ್ಚಿನ ವಿಭಾಗದವನು.

"ನೀನು ಆರು ಸಲ ಯಾವಾಗ? ಅದ್ರಲ್ಲಿ ಒಂದ್ಸಲ ಕಿತ್ತಿದ್ದು ನಿನ್ನ ತಮ್ಮನ್ನ," ಎಂದಳು ಎಡ್ನಾ.

"ನನ್ನನ್ನ ನನ್ನ ಮದುವೆ ಹಿಂದಿನ ದಿನ ಕಿತ್ತಿದ್ರು," ಎಂದು ಹೂ ಬರೆಯುವ ಹೆಂಗಸು ಹೆಮ್ಮೆಯಿಂದ ಎದ್ದಳು. "ಸೋಮವಾರ ಚಹಾದ ಜೊತೆ ಬಿಸ್ಕತ್ತೂ ಕೊಟ್ರು."

ಇಡೀ ಕ್ಯಾಂಟೀನು ತನ್ನ ವಜಾಗಳನ್ನು ಪದಕಗಳಂತೆ ತೆಗೆದು ತೋರಿಸತೊಡಗಿತು. ಜಗಳಗಳಾದವು. ಅತಿ ಹೆಚ್ಚು ಬಾರಿ ವಜಾ ಆದವನು ನಾರ್ಮನ್ ಎಂಬುದರಲ್ಲಿ ಮಾತ್ರ ಒಮ್ಮತವಿತ್ತು. ಶಬಾನಾ ಸೋಮವಾರದ ಚಹಾದ ವಿಷಯವನ್ನು ಎರಡು ಸಲ ಕೇಳಿ ತಿಳಿದುಕೊಂಡಳು. ಆಮೇಲೆ ದೊಡ್ಡೋರ ಕಡೆ ತಿರುಗಿದಳು.

"ಈ ಸಲ ಸೋಮವಾರದ ಚಹಾ ಕೊಟ್ರಾ?"

"ಗೇಟಿಗೆ ಬೀಗ ಹಾಕಿದ್ರಲ್ಲಮ್ಮ," ಎಂದರು ಮುದುಕರು. "ಎಲ್ಲಿ ಕೊಡ್ಲಿ?"

"ಶುಕ್ರವಾರ ಅವರನ್ನ ಕಿತ್ತಿದ್ದು ಎಷ್ಟು ಗಂಟೆಗೆ?"

"ಮೂರರ ಮೇಲೆ."

"ಹನ್ನೆರಡು ಗಂಟೆಗೇ ಕಾರ್ಖಾನೆ ಆಡಳಿತಾಧಿಕಾರಿ ಕೈಗೆ ಬಂದಿತ್ತು. ಹನ್ನೆರಡರ ಮೇಲೆ ನೀವು ಇಲ್ಲಿನ ಬೆಕ್ಕನ್ನೂ ಕೆಲಸದಿಂದ ತೆಗೆಯೋ ಹಾಗಿರಲಿಲ್ಲ."

"ಬೆಕ್ಕನ್ನೂ?"

"ಬೆಕ್ಕನ್ನೂ. ನೀವು ಮಾಡಿದ ವಜಾ ಊರ್ಜಿತ ಅಲ್ಲ. ಹಳೇ ವಜಾಗಳು ಇವರು ಕೆಲಸಗಾರರು ಅಂತ ತೋರಿಸ್ತವೆ. ಕೊನೇದು ನಡೆದೇ ಇಲ್ಲ." ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. "ಪರಿಹಾರ ಕೊಡಬಹುದು ಅಂತ ಬರೀತೀನಿ."

ಬೆಕ್ಕಿನ ಮಾತು ಮುದುಕರಿಗೆ ನಾಟಿತು. ಮೂರು ತಲೆಮಾರಿನ ಕಾರ್ಖಾನೆ ಹೋದದ್ದು ಅವರಿಗೆ ನಿಜಕ್ಕೂ ತಿಳಿದದ್ದು ಆಗಲೇ ಎಂದು ನನಗನ್ನಿಸುತ್ತದೆ. ನಂತರ ಕಾಲೆಳೆಯುತ್ತಾ ಚಹಾದ ಪಾತ್ರೆಯ ಬಳಿ ಹೋದರು. ಹಲಗೆಯ ಮೇಲಿಂದ ಒಂದು ಕಪ್ಪು ಎತ್ತಿಕೊಂಡರು, ಬೆಳಕಿಗೆ ಹಿಡಿದು ಬೆರಳಿನಿಂದ ಒಮ್ಮೆ ಮಿಡಿದರು. ಗಂಟೆಯಂತೆ ದನಿ ಬಂತು. ತುಂಬ ಹೊತ್ತು ಕೇಳಿಸಿಕೊಂಡರು. ಚಹಾ ತುಂಬಿಸಿ, ಎರಡು ಚಮಚ ಸಕ್ಕರೆ ಹಾಕಿ, ಅರ್ಧ ತಟ್ಟೆಗೆ ತುಳುಕಿಸುತ್ತಾ ತಂದು ನಾರ್ಮನ್ನನ ಮುಂದೆ ಇಟ್ಟು, ಮಾತಿಲ್ಲದೆ ಹೋಗಿ ಕೂತರು.

ನಾರ್ಮನ್ನನ ಕೈ ತಂತಾನೇ ಕಪ್ಪಿನ ಅಡಿಗೆ ಹೋಯಿತು.

"ಕುಡಿದು ಆಮೇಲೆ ನೋಡು," ಎಂದಳು ಮೋರೀನ್, ಕೈ ಹಿಡಿದುಕೊಂಡು.

ಅವನು ಕುಡಿದ. ಆದರೆ ಕಪ್ಪು ತಿರುವಿ ನೋಡಿದವರಲ್ಲಿ ಅವನು ಮೊದಲಿಗನಲ್ಲ. ಶಬಾನಾ ತನ್ನ ಕೊನೆಯ ಗುಟುಕು ಮುಗಿಸಿ, ಯಾರ ಪರಿವೆಯೂ ಇಲ್ಲದೆ, ಕಪ್ಪನ್ನು ಬೋರಲು ಮಾಡಿ ಮುದ್ರೆ ನೋಡುತ್ತಿದ್ದಳು.

ಎಡ್ನಾ ಅವಳನ್ನೇ ದಿಟ್ಟಿಸಿದಳು. "ನಿಮ್ಮಮ್ಮ ಯಾವ ಕಾರ್ಖಾನೇಲಿದ್ಲು, ಬಾತು?"

"ಬೇರೆ ಕಡೆ. ಕಪ್ಪಿಗೆ ಹಿಡಿ ಅಂಟಿಸೋ ಕೆಲಸ," ಎಂದಳು ಶಬಾನಾ. "ಅದೂ ಮುಚ್ಚಿತು." ಕಪ್ಪನ್ನು ಜೋಪಾನವಾಗಿ ಕೆಳಗಿಟ್ಟು ಹೊರಟಳು.

ದುಡ್ಡು ಬಂತು. ಮನೆಯ ಸಾಲ ತೀರಿತು. ಬೆರಿಲ್‌ಳ ಹಿಂಬದಿ ಕೋಣೆ ಸೂಟುಗಳಿಗೇ ಉಳಿಯಿತು. ಮುಂದಿನ ಭಾನುವಾರ ನಾರ್ಮನ್ ಸ್ಕ್ರೂಡ್ರೈವರ್ ಹಿಡಿದು ಗೇಟಿಗೆ ಬಂದಾಗ ನಾವೆಲ್ಲ ಕಿಟಕಿಗಳಲ್ಲಿದ್ದೆವು. ಅವನು ಫಲಕ ಬಿಚ್ಚಿದ. ಒಳಗೆ ಒಯ್ಯುತ್ತಾನೆ ಎಂದುಕೊಂಡೆವು. ಒಯ್ಯಲಿಲ್ಲ. ಅಕ್ಷರವಿದ್ದ ಮುಖ ಒಳಗೆ, ಖಾಲಿ ಬೆನ್ನು ಹೊರಗೆ ಮಾಡಿ, ಮೇಲೆ ಒಂದೇ ಸ್ಕ್ರೂ ಹಾಕಿ ತೂಗುಬಿಟ್ಟ. ಬೆನ್ನನ್ನು ಚೆನ್ನಾಗಿ ತಿಕ್ಕಿ ಒಳಗೆ ಹೋದ.

ಜೆಫ್ರಿ ಒಮ್ಮೆ ಬಂದಾಗ ಖಾಲಿ ಹಿತ್ತಾಳೆಯನ್ನು ನೋಡಿ ಮನೆ ತಪ್ಪಿತೆಂದು ಎಡ್ನಾಳ ಬಾಗಿಲು ತಟ್ಟಿದ. ಸೌತ್‌ಪೋರ್ಟಿನವರು ಎದುರಿಗೆ ಕಂಡದ್ದನ್ನು ಮಾತ್ರ ನೋಡುತ್ತಾರೆ. ಆದರೆ ನಮ್ಮೂರಿನವರು, ಅಂಚೆಯವನಿರಲಿ, ಹಾಲಿನವನಿರಲಿ, ಸುಮ್ಮನೆ ದಾರಿಯಲ್ಲಿ ಹೋಗುವವನಿರಲಿ, ಆ ಗೇಟಿನ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಬೆರಳಿನಿಂದ ಫಲಕವನ್ನು ಮೆಲ್ಲಗೆ ಎತ್ತಿ, ಹಿಂದೆ ಏನಿದೆ ಎಂದು ಓದಿ, ಇದ್ದ ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ.